ಗುಮ್ಮಣ್ಣ ಬಾಯಿಬಿಟ್ಟ ದಿನ

ಆ ಮನೆಯ ಹಿರಿಮಗನನ್ನು ಲಾಂಡ್ರಿಯಲ್ಲಿ ಎಲ್ಲರೂ ಗುಮ್ಮಣ್ಣ ಎನ್ನುತ್ತಿದ್ದರು. ಹೆಸರಿಟ್ಟವರ ತಪ್ಪೇನಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲವೇ ಉಹೂಂ. ಅದಕ್ಕಿಂತ ಹೆಚ್ಚಿನದು ಬೇಕಾದವರು ಅವನ ಹೆಂಡತಿಯನ್ನು ಕೇಳಬೇಕು. ಮದುವೆಯಾದ ಹೊಸದರಲ್ಲಿ ಅವಳು, ಇವನಿಗೆ ನನ್ನ ಮೇಲೆ ಏನೋ ಸಿಟ್ಟಿದೆ ಎಂದುಕೊಂಡು ಗೋಡೆ ಕಡೆ ತಿರುಗಿ ಅತ್ತದ್ದೂ ಉಂಟು. ಆಮೇಲೆ ತಿಳಿಯಿತು, ಸಿಟ್ಟು ಬಂದರೂ ಅಷ್ಟೇ, ಪ್ರೀತಿ ಬಂದರೂ ಅಷ್ಟೇ. ಇಂಥವನು ತುಂಬಿದ ಸಭೆಯಲ್ಲಿ ಎದ್ದು ನಿಂತು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ತಮ್ಮನ ಪರವಾಗಿ ಮಾತಾಡಬೇಕು ಎಂಬ ಸುದ್ದಿ ಬಂದಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಲಾಂಡ್ರಿಯಲ್ಲಿ ಕೆಲಸ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳು ಅಲ್ಲಿ ಒಗೆದು ಇಸ್ತ್ರಿಯಾಗುತ್ತಿದ್ದವು. ತಮ್ಮ ಒಂದು ಬದಿಯಲ್ಲಿ ನಿಂತು ಒದ್ದೆ ಬಟ್ಟೆಯನ್ನು ಕಾದ ರೋಲರಿನ ಬಾಯಿಗೆ ಕೊಡುತ್ತಿದ್ದ. ಅಣ್ಣ ಆಚೆ ಬದಿಯಲ್ಲಿ ಒಣಗಿ ಬಂದದ್ದನ್ನು ಹಿಡಿದು ಮಡಿಸುತ್ತಿದ್ದ. ರೋಲರಿಗೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ ಇತ್ತು. ಅದಕ್ಕೆ ಕೈ ತಗುಲಿದರೆ ಸಾಕು, ಯಂತ್ರ ತಾನಾಗಿ ನಿಲ್ಲಬೇಕು. ಆ ದಿನ ನಿಲ್ಲಲಿಲ್ಲ. ಬೆಡ್‌ಶೀಟಿನ ಜೊತೆ ತಮ್ಮನ ಬಲಗೈಯೂ ಒಳಗೆ ಹೋಯಿತು. ಆಸ್ಪತ್ರೆಯವರು ಮೊಣಕೈಯ ಕೆಳಗೆ ಕತ್ತರಿಸಿ ಜೀವ ಉಳಿಸಿ ಕಳಿಸಿದರು.

ಈಗ ವಿಚಾರಣೆ. ತಪ್ಪು ಲಾಂಡ್ರಿಯದು ಎಂದು ಅಧಿಕಾರಿ ಬರೆದರೆ ತಮ್ಮನಿಗೆ ಬದುಕಿರುವವರೆಗೂ ಅರ್ಧ ಸಂಬಳ. ತಪ್ಪು ಅವನದೇ ಎಂದು ಬರೆದರೆ ಏನೂ ಇಲ್ಲ. ಕೈ ಕಳೆದುಕೊಂಡವನು ಆಸ್ಪತ್ರೆಯಲ್ಲೇ ‘ನನಗೇನೂ ನೆನಪಿಲ್ಲ’ ಎಂದು ಹೇಳಿಕೆ ಕೊಟ್ಟು ಗೋಡೆ ಕಡೆ ಹೊರಳಿದ್ದ. ಕಣ್ಣಾರೆ ಕಂಡ ಉಳಿದವರು ಕೆಲಸದ ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡರು. ಉಳಿದವನು ಗುಮ್ಮಣ್ಣ ಒಬ್ಬನೇ.

ಕಾರ್ಮಿಕ ಸಂಘದ ಕಾರ್ಯದರ್ಶಿ ಒಂದು ಸಂಜೆ ಮನೆಗೇ ಬಂದು ಎರಡು ಹಾಳೆ ಬರೆದದ್ದನ್ನು ಕೊಟ್ಟ. ಗುಮ್ಮಣ್ಣನ ಹೆಂಡತಿ ಹೊಲಿಗೆ ಯಂತ್ರದ ಮೇಲಿದ್ದ ತಲೆದಿಂಬಿನ ಕವರುಗಳನ್ನು ಸರಿಸಿ ಬಂದವನ ಚಹಾಕ್ಕೆ ಜಾಗ ಮಾಡಿದಳು. ಆಸ್ಪತ್ರೆಗಳಿಗೆ ಕವರು ಹೊಲಿದುಕೊಡುವುದು ಅವಳ ಕೆಲಸ. ಮೈದುನ ಕರೆದು ಕರೆದು ಆ ಬೀದಿಗೆಲ್ಲ ಅವಳು ‘ಅತ್ತಿಗೆ’ಯಾಗಿದ್ದಳು. ನಾವೂ ಹಾಗೇ ಕರೆಯೋಣ.

“ಇದನ್ನ ಬಾಯಿಪಾಠ ಮಾಡಿಕೋ,” ಎಂದ ಕಾರ್ಯದರ್ಶಿ. “ಓದೋ ಹಾಗಿಲ್ಲ. ವಕೀಲರು ಬರೆದುಕೊಟ್ಟದ್ದನ್ನ ಸಾಕ್ಷಿಗಳು ಓದಿ ಓದಿ ಆ ಅಧಿಕಾರಿಗೆ ತಲೆ ಚಿಟ್ಟು ಹಿಡಿದಿದೆ. ಕೈಯಲ್ಲಿ ಕಾಗದ ಕಂಡರೆ ಕೂರಿಸಿಬಿಡ್ತಾರೆ. ಇದರಲ್ಲಿ ಇರೋದಷ್ಟೇ ಹೇಳು. ಒಂದಕ್ಷರ ಹೆಚ್ಚಿಗೆ ಬೇಡ.”

“ಹೂಂ,” ಎಂದ ಗುಮ್ಮಣ್ಣ.

“ಇವನ ಹತ್ತಿರ ಹೆಚ್ಚಿಗೆ ಅಂತೆ,” ಎಂದಳು ಮೂಲೆಯಲ್ಲಿ ಕೂತಿದ್ದ ಮುದುಕಿ, ಅಣ್ಣತಮ್ಮಂದಿರ ತಾಯಿ. “ಹೆತ್ತವಳು ನಾನು, ನನಗೇ ಇವನ ದನಿ ಮರೆತುಹೋಗಿದೆ.”

ಅಂದಿನಿಂದ ಊಟದ ಹೊತ್ತು ಅಭ್ಯಾಸದ ಹೊತ್ತಾಯಿತು. ಎಲ್ಲರೂ ತಟ್ಟೆ ಮುಂದೆ ಕೂತಾಗ ಗುಮ್ಮಣ್ಣ ಎದ್ದು ನಿಲ್ಲುವುದು, ಗಂಟಲು ಸರಿಮಾಡಿಕೊಳ್ಳುವುದು, ‘ಮಾನ್ಯರೇ’ ಎನ್ನುವುದು. ಅಲ್ಲಿಗೆ ಬಂಡಿ ನಿಲ್ಲುತ್ತಿತ್ತು. ಬೆವರು ಕಿವಿಯ ಹಿಂದಿನಿಂದ ಇಳಿದು ಅಂಗಿಯ ಕಾಲರು ತೋಯುತ್ತಿತ್ತು. ಕಿಸೆಯಿಂದ ಹಾಳೆ ತೆಗೆದು ಕದ್ದು ನೋಡಿ ಮತ್ತೊಂದು ವಾಕ್ಯ ಒದರುತ್ತಿದ್ದ, ಅದೂ ಸಾಲದ ಕಂತು ತೀರಿಸುವವನ ಹಾಗೆ ನೆಲ ನೋಡಿಕೊಂಡು.

“ಅನ್ನ ಆರಿಹೋಗ್ತಿದೆ, ಕೂತ್ಕೊಳ್ರೀ,” ಎನ್ನುತ್ತಿದ್ದಳು ಅತ್ತಿಗೆ.

ಮೈದುನ ಎಡಗೈಯಲ್ಲಿ ಚಮಚ ಹಿಡಿದು ತಲೆ ಎತ್ತದೆ ತಿನ್ನುತ್ತಿದ್ದ. ಅರ್ಧಕ್ಕರ್ಧ ತಟ್ಟೆಯ ಆಚೆ ಚೆಲ್ಲುತ್ತಿತ್ತು. ‘ಯಂತ್ರದೊಳಗೆ ಕೈ’ ಎಂಬಲ್ಲಿಗೆ ಅಣ್ಣ ಬಂದರೆ ಸಾಕು, ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿ ಪರದೆ ಎಳೆದುಕೊಳ್ಳುತ್ತಿದ್ದ. ಅವನ ತಟ್ಟೆ ಇದ್ದ ಜಾಗವನ್ನು ಅತ್ತಿಗೆ ಏನೂ ಅನ್ನದೆ ಒರೆಸುತ್ತಿದ್ದಳು. ಮೊದಲು ಇದೇ ಹುಡುಗ ಊಟಕ್ಕೆ ಕೂತರೆ ಮನೆಯೆಲ್ಲ ನಗುತ್ತಿತ್ತು. ಅವಳು ಈ ಮನೆಗೆ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅವನ ಅಂಗಿಯ ಗುಂಡಿ ಹಾಕಿದ ಕೈ ಅವಳದು. ಈಗ ಮತ್ತೆ ಹಾಕುತ್ತಿದ್ದಾಳೆ.

ಗುಮ್ಮಣ್ಣನ ಮಗಳು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವಳು. ಒಂದು ವಾರ ಸಹಿಸಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

“ಅಪ್ಪಾ, ಇದು ಮಾತಲ್ಲ, ವಾಂತಿ. ಕಾಗದ ಕಿಸೆಯಲ್ಲಿ ಇರೋವರೆಗೂ ನಿನ್ನ ಜೀವ ಕಿಸೆಯಲ್ಲೇ ಇರುತ್ತೆ. ಎಸೆದುಬಿಡು. ನೀನು ಕಂಡದ್ದನ್ನ ನಿನ್ನ ಮಾತಲ್ಲಿ ಹೇಳು.”

“ಬರೆದದ್ದಷ್ಟೇ ಹೇಳು ಅಂದಿದ್ದಾರೆ,” ಎಂದ ಗುಮ್ಮಣ್ಣ. ಅವನ ಮಟ್ಟಿಗೆ ಅದು ದೊಡ್ಡ ವಾದ.

“ಅವರು ಹೇಳ್ತಾರೆ. ಬಾಯಿಪಾಠ ಮಾಡಿದ್ದು ಅಂತ ಅಧಿಕಾರಿಗೆ ಗೊತ್ತಾದರೆ ಮುಗೀತು. ಅಮ್ಮ, ನೀನಾದರೂ ಹೇಳಮ್ಮ.”

ಅತ್ತಿಗೆಗೆ ಆ ದಿನ ಮೊದಲೇ ತಲೆ ಕೆಟ್ಟಿತ್ತು. ಕವರುಗಳನ್ನು ಕೊಡುವ ಗಡುವು ದಾಟಿತ್ತು. ಪಾತ್ರೆ ತೊಳೆಯುವ ಸರದಿ ಮಗಳದು, ಪಾಠ ಹೇಳುವ ನೆಪದಲ್ಲಿ ಅದೂ ಬಾಕಿ. ಗಂಡನ ಕಿಸೆಗೆ ಕೈ ಹಾಕಿ ಎರಡೂ ಹಾಳೆ ಎಳೆದು ಒಲೆಯ ಉರಿಗೆ ಹಿಡಿದಳು.

“ಆಯ್ತಲ್ಲ. ಇನ್ನು ಕಲಿತುಕೊಳ್ಳಿ. ನೀನು ಮೊದಲು ಆ ಪಾತ್ರೆ ತೊಳಿ.”

ಮುದುಕಿ ಒಲೆಯ ಕಡೆ ಕೈ ಚಾಚಿದಳು. “ಏನೇ ಇದು, ಬರೆದುಕೊಟ್ಟವರು ಏನಂದಾರು?”

“ಏನೂ ಅನ್ನಲ್ಲ ಅತ್ತೆ. ಹೇಗೂ ಅದು ಇವರ ತಲೆಗೆ ಹತ್ತಲ್ಲ.”

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಭಾನುವಾರ ಅತ್ತಿಗೆ ಗಂಡನ ಮುಂದೆ ಕವರುಗಳ ರಾಶಿ ಸುರಿದು, ಮಡಿಸಿಕೊಡಿ ಎಂದಳು. ಅವನು ಮಡಿಸುತ್ತಾ ಕೂತ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒಮ್ಮೆ ಸವರಿ, ಪಕ್ಕಕ್ಕೆ. ಮಗಳು ಸುಮ್ಮನೆ, ಆ ದಿನ ಮೊದಲು ಏನಾಯ್ತಪ್ಪ ಎಂದು ಕೇಳಿದಳು. ಗುಮ್ಮಣ್ಣ ಕೈ ನಿಲ್ಲಿಸದೆ ಹೇಳತೊಡಗಿದ. ಬೆಳಗಿನ ಪಾಳಿ. ಯಂತ್ರ ಎಂದಿಗಿಂತ ಜೋರಾಗಿ ಓಡುತ್ತಿತ್ತು. ರಿಪೇರಿಯವನು ಬಂದು ಎಷ್ಟೋ ತಿಂಗಳಾಗಿತ್ತು. ನನ್ನ ಕಡೆಗೆ ಬಂದ ಬೆಡ್‌ಶೀಟಿನ ಮೇಲೆ ಒಂದು ಕೆಂಪು ಗೆರೆ ಇತ್ತು, ಯಾವುದೋ ಬಟ್ಟೆಯ ಬಣ್ಣ ಬಿಟ್ಟಿದೆ ಅಂದುಕೊಂಡೆ. ಆ ಬೆಡ್‌ಶೀಟನ್ನೂ ಮಡಿಸಿದೆ.

ಅತ್ತಿಗೆಯ ಹೊಲಿಗೆ ಯಂತ್ರ ನಿಂತುಹೋಗಿತ್ತು. ಇಷ್ಟು ವರ್ಷದಲ್ಲಿ ಅವನು ಇಷ್ಟು ಉದ್ದ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

“ಇದೇ ಅಪ್ಪಾ,” ಎಂದಳು ಮಗಳು ಮೆಲ್ಲಗೆ. “ಇದೇ.”

ಕೈಗೆ ಕೆಲಸ ಕೊಟ್ಟರೆ ಅವನ ನಾಲಿಗೆ ಹೊರಳುತ್ತದೆ ಎಂದು ಗೊತ್ತಾಯಿತು. ಮುಂದಿನ ದಿನಗಳಲ್ಲಿ ಅದೇ ಕವರುಗಳನ್ನು ಬಿಚ್ಚಿ ಮತ್ತೆ ಮತ್ತೆ ಅವನ ಮುಂದೆ ಹಾಕಿದರು. ಕವರುಗಳು ನಲುಗಿ, ಮತ್ತೆ ಇಸ್ತ್ರಿ ಮಾಡುವ ಕೆಲಸ ಅತ್ತಿಗೆಯ ತಲೆಗೇ ಬಂತು. ಗೊಣಗುತ್ತಲೇ ಮಾಡಿದಳು. ಆಮೇಲೆ ಮಗಳು ಬಟ್ಟೆ ಕೊಡುವುದನ್ನು ಬಿಟ್ಟು, ಬರಿಗೈಯಲ್ಲೇ ಮಡಿಸು ಎಂದಳು. ಅವನು ಗಾಳಿಯನ್ನು ಮಡಿಸುತ್ತಾ ಮಾತಾಡಿದ. ಕೂತು ಮಾತಾಡಿದ, ನಿಂತು ಮಾತಾಡಿದ, ಕೊನೆಗೆ ಮುಖ ನೋಡಿಯೇ ಮಾತಾಡಿದ. ಪಕ್ಕದ ಮನೆಯ ದರ್ಜಿಯನ್ನೂ ಅವನ ಹೆಂಡತಿಯನ್ನೂ ಕರೆದು ಕೂರಿಸಿ ಹೇಳಿಸಿದರು. ದರ್ಜಿಯ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಮ್ಮಣ್ಣ ಆ ರಾತ್ರಿ ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಮುದುಕಿಗೆ ಮಾತ್ರ ಒಂದು ಕೊರಗು. “ಅಲ್ಲಪ್ಪ, ಯಂತ್ರದ ಸುದ್ದಿಯೇ ಆಯ್ತು. ನನ್ನ ಮಗ ಎಂಥ ಕೆಲಸಗಾರ ಅಂತ ಒಂದು ಮಾತು ಬೇಡವಾ? ಯಾರೋ ಸೋಮಾರಿ ತೂಕಡಿಸಿ ಕೈ ಕೊಟ್ಟ ಅಂತಾರೆ.”

“ಅದು ನಿಜ ರೀ,” ಎಂದಳು ಅತ್ತಿಗೆಯೂ. “ಅವನ ಚುರುಕು ಲಾಂಡ್ರಿಯವರಿಗೆಲ್ಲ ಗೊತ್ತು. ಅಧಿಕಾರಿಗೆ ಗೊತ್ತಾಗೋದು ಹೇಗೆ? ಚೆನ್ನಾಗಿ ಹೇಳಿ.”

“ಕೊನೇಲಿ ಸೇರಿಸಪ್ಪ. ಆಗ ಬಾಯಿಗೆ ಬಂದದ್ದೇ ಸರಿ,” ಎಂದಳು ಮಗಳು. “ಅಭ್ಯಾಸ ಬೇಡ. ಮನಸ್ಸಿನಿಂದ ಬರಲಿ.”

ಪರದೆಯ ಆಚೆ ಮೈದುನ ಕೆಮ್ಮಿದ. ನೀರು ಬೇಕಾ ಎಂದು ಅತ್ತಿಗೆ ಕೂಗಿ ಕೇಳಿದಳು. ಬೇಡ ಎಂದ.

ವಿಚಾರಣೆಯ ದಿನ ಎಲ್ಲರೂ ಹೋದರು. ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು, ಸಾಲು ಬೆಂಚು. ಒಂದು ಕಡೆ ಲಾಂಡ್ರಿಯ ವಕೀಲ, ಮೇಸ್ತ್ರಿ. ಇನ್ನೊಂದು ಕಡೆ ಸಂಘದವರು. ಹಿಂದಿನ ಬೆಂಚುಗಳಲ್ಲಿ ಲಾಂಡ್ರಿಯ ಹೆಂಗಸರು ಗಂಡಸರು ಗಿಜಿಗುಡುತ್ತಿದ್ದರು. ಸಾಕ್ಷಿ ಹೇಳಲು ಧೈರ್ಯವಿಲ್ಲದವರು, ಗುಮ್ಮಣ್ಣ ಮಾತಾಡುವುದನ್ನು ನೋಡಲು ಮಾತ್ರ ರಜೆ ಹಾಕಿ ಬಂದಿದ್ದರು. ಅಧಿಕಾರಿ ನರೆಗೂದಲಿನ ಹೆಂಗಸು. ಮುಖದಲ್ಲಿ ಸಿಡುಕೂ ಇರಲಿಲ್ಲ, ಕರುಣೆಯೂ ಇರಲಿಲ್ಲ.

“ಬರೆದು ತಂದಿದ್ದೀರಾ?” ಎಂದು ಕೇಳಿದರು.

“ಇಲ್ಲ ಅಮ್ಮ. ನನ್ನ ಹತ್ತಿರ ಬರೆದದ್ದು ಏನೂ ಇಲ್ಲ. ಕಂಡದ್ದನ್ನ ಹೇಳ್ತೀನಿ.”

ಈ ಮೊದಲ ಮಾತು ಮಗಳೇ ಕಲಿಸಿದ್ದು. ಅವಳು ತಾಯಿಯ ಮೊಣಕೈ ಹಿಂಡಿದಳು.

ಗುಮ್ಮಣ್ಣ ಮಾತಾಡಿದ. ಎದುರಿನ ಕಟಕಟೆಯ ಮೇಲೆ ಅವನ ಎರಡು ಕೈಗಳೂ ಕಾಣದ ಬಟ್ಟೆಯನ್ನು ಮಡಿಸುತ್ತಿದ್ದವು. ಬೆಳಗಿನ ಪಾಳಿ, ಯಂತ್ರದ ಓಟ, ಬಾರದ ರಿಪೇರಿಯವನು, ಬೆಡ್‌ಶೀಟಿನ ಮೇಲಿನ ಗೆರೆ. ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು. ಅಧಿಕಾರಿ ಕನ್ನಡಕ ತೆಗೆದು ಇವನನ್ನೇ ನೋಡುತ್ತಾ ಕೇಳಿಸಿಕೊಂಡರು. ಲಾಂಡ್ರಿಯ ವಕೀಲ ಉಗುರು ಕಚ್ಚುತ್ತಿದ್ದ. ಗೆದ್ದೆವು, ಎಂದುಕೊಂಡಳು ಅತ್ತಿಗೆ. ಇನ್ನು ಇವನು ಕೂತರೆ ಸಾಕು.

ಅವನು ಕೂರಲಿಲ್ಲ. ಇಷ್ಟು ಜನ ತನ್ನ ಮಾತಿಗೆ ಕಿವಿಗೊಟ್ಟಿದ್ದು ಜನ್ಮದಲ್ಲಿ ಅದೇ ಮೊದಲು.

“ಅಮ್ಮ, ಇನ್ನೊಂದು ಮಾತು. ನನ್ನ ತಮ್ಮನಂಥ ಕೈ ಆ ಲಾಂಡ್ರಿಯಲ್ಲಿ ಇನ್ನೊಂದಿಲ್ಲ. ಬೇರೆಯವರು ಹೆಜ್ಜೆಹೆಜ್ಜೆಗೂ ಪಟ್ಟಿ ತಗುಲಿಸಿ ಯಂತ್ರ ನಿಲ್ಲಿಸ್ತಾ ಇರ್ತಾರೆ. ಇವನು ಪಟ್ಟೀನ ಒಂದು ಹರಕು ಬಟ್ಟೇಲಿ ಮೇಲಕ್ಕೆ ಕಟ್ಟಿಬಿಟ್ಟು, ರೋಲರಿನ ಅಂಚಿನವರೆಗೂ ಬೆರಳು ಒಯ್ದು ಬಟ್ಟೆ ಕೊಡೋನು. ಒಂದು ಸುಕ್ಕಿಲ್ಲ. ಅಷ್ಟು ಧೈರ್ಯ, ಅಷ್ಟು ಕೈಚಳಕ.”

ಹಿಂದಿನ ಬೆಂಚಿನ ಹೆಂಗಸರು ತಲೆ ತಗ್ಗಿಸಿದರು. ತಮ್ಮನನ್ನು ಮೇಲೆತ್ತಲು ಗುಮ್ಮಣ್ಣ ಹಾಗೆಂದರೂ, ಆ ಲಾಂಡ್ರಿಯಲ್ಲಿ ಪಟ್ಟಿ ಕಟ್ಟದವರೇ ಇರಲಿಲ್ಲ. ಕಟ್ಟದಿದ್ದರೆ ದಿನದ ಲೆಕ್ಕ ಮುಟ್ಟುತ್ತಿರಲಿಲ್ಲ. ಮೇಸ್ತ್ರಿ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದ. ನಿತ್ಯ ನಡೆಯುವ ಕೆಲಸ, ಅದನ್ನು ಯಾರೂ ತಪ್ಪೆಂದು ಎಣಿಸಿಯೇ ಇರಲಿಲ್ಲ. ಗುಮ್ಮಣ್ಣನೂ ಎಣಿಸಿರಲಿಲ್ಲ. ಒಲೆಗೆ ಹೋದ ಹಾಳೆಗಳಲ್ಲಿ ಮಾತ್ರ ಪಟ್ಟಿಯ ಸುದ್ದಿಯೇ ಇರಲಿಲ್ಲ.

ಲಾಂಡ್ರಿಯ ವಕೀಲ ಎದ್ದು ನಿಂತ. ದನಿ ಬೆಣ್ಣೆಯಷ್ಟು ಮೃದುವಾಗಿತ್ತು.

“ಆ ದಿನವೂ ಕಟ್ಟಿದ್ದನೇನಪ್ಪ?”

“ಕಟ್ಟಿದ್ದ ಸ್ವಾಮಿ. ದಿನಾ ಕಟ್ತಿದ್ದ.”

“ಕಟ್ಟು ಅಂತ ಮೇಸ್ತ್ರಿ ಹೇಳಿದ್ದರಾ?”

“ಅವರು ಯಾಕೆ ಹೇಳ್ತಾರೆ,” ಎಂದ ಗುಮ್ಮಣ್ಣ. ತಮ್ಮನ ಮೇಲಿನ ಹೆಮ್ಮೆಯಿಂದ ಅವನ ಮುಖ ಬೆಳಗುತ್ತಿತ್ತು. “ಕೆಲಸ ಬಲ್ಲವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.”

ಕಾರ್ಯದರ್ಶಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಧಿಕಾರಿ ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. ಅತ್ತಿಗೆ ಪಕ್ಕಕ್ಕೆ ತಿರುಗಿ ಮೈದುನನನ್ನು ನೋಡಿದಳು. ಅವನು ತನ್ನ ಖಾಲಿ ತೋಳಿನ ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಆಸ್ಪತ್ರೆಯಲ್ಲಿ ಅವನು ‘ನೆನಪಿಲ್ಲ’ ಎಂದದ್ದು ಏಕೆಂದು ಅವಳಿಗೆ ಈಗ ಅರ್ಥವಾಯಿತು.

ಹೊರಗೆ ಬಂದ ಕೂಡಲೇ ಗುಮ್ಮಣ್ಣ ಕೇಳಿದ, “ಹೇಗಿತ್ತು?”

ಕಾರ್ಯದರ್ಶಿ ನಿಲ್ಲದೆ ಮುಂದೆ ನಡೆದ. ಮೈದುನನೇ ಅಂದ: “ಚೆನ್ನಾಗಿತ್ತು ಅಣ್ಣ.”

ತೀರ್ಪು ಬರಲು ಕೆಲವು ವಾರ ಹಿಡಿಯಿತು. ಆ ವಾರಗಳಷ್ಟು ಕೆಟ್ಟ ಕಾಲವನ್ನು ಅತ್ತಿಗೆ ಹಿಂದೆಂದೂ ಕಂಡಿರಲಿಲ್ಲ. ಏಕೆಂದರೆ ಗುಮ್ಮಣ್ಣ ಮಾತಾಡುತ್ತಿದ್ದ. ಊಟಕ್ಕೆ ಕೂತರೆ ಲಾಂಡ್ರಿಯ ಸುದ್ದಿ, ಬೀದಿಯ ಸುದ್ದಿ, ತಾನು ಚಿಕ್ಕವನಾಗಿದ್ದಾಗ ಬಾವಿಗೆ ಬಿದ್ದ ಬಕೆಟ್ಟಿನ ಸುದ್ದಿ. ಮುದುಕಿ ಬೊಚ್ಚುಬಾಯಲ್ಲಿ ನಗುತ್ತಿದ್ದಳು. ಹೆಂಡತಿ ಹೂಂ ಎನ್ನುತ್ತಿದ್ದಳು, ಇಲ್ಲವೇ ಉಹೂಂ.

ಒಂದು ದಿನ ಬಟ್ಟೆ ಒಣಹಾಕುವ ಕಡೆ ಮಗಳು ಅಮ್ಮನನ್ನು ತಡೆದಳು. “ಅಪ್ಪನಿಗೆ ಹೇಳೋಣಮ್ಮ. ಆಮೇಲೆ ಒಮ್ಮೆಲೇ ಗೊತ್ತಾದರೆ ಎದೆ ಒಡೆದುಹೋಗುತ್ತೆ.”

“ಏನಂತ ಹೇಳ್ತೀಯ? ನಿನ್ನ ತಮ್ಮನ ಕೂಳು ನೀನೇ ಕಿತ್ತೆ ಅಂತಲಾ?”

“ಮನಸ್ಸಿಗೆ ಬಂದದ್ದು ಹೇಳಪ್ಪ ಅಂದವಳು ನಾನು.”

“ಕಾಗದ ಸುಟ್ಟವಳು ನಾನು. ಹೊಗಳಿ ಅಂದವಳೂ ನಾನೇ. ಬಾಯಿ ಮುಚ್ಚಿಕೊಂಡು ಆ ಕ್ಲಿಪ್ಪು ಕೊಡು.”

ಮಗಳು ಅಳುತ್ತಾ ಕ್ಲಿಪ್ಪು ಕೊಟ್ಟಳು. ಅತ್ತಿಗೆಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

ತೀರ್ಪಿನ ಪ್ರತಿಯನ್ನು ಕಾರ್ಯದರ್ಶಿ ಬಾಗಿಲಲ್ಲೇ ಕೊಟ್ಟು ಹೋದ. ಒಳಗೆ ಬರಲಿಲ್ಲ, ಚಹಾ ಕುಡಿಯಲಿಲ್ಲ. ಮಗಳು ಓದಿದಳು. ರಕ್ಷಣೆಗೆಂದು ಇದ್ದ ಪಟ್ಟಿಯನ್ನು ಕೆಲಸಗಾರ ತಾನಾಗಿಯೇ, ಯಾರ ಒತ್ತಾಯವೂ ಇಲ್ಲದೆ ಕಟ್ಟಿಹಾಕಿದ್ದು ಅವನ ಸ್ವಂತ ಅಣ್ಣನ ಮಾತಿನಿಂದಲೇ ಸಾಬೀತಾಗಿದೆ. ಸಾಕ್ಷಿ ಕಾಗದ ನೋಡದೆ, ಅಳುಕಿಲ್ಲದೆ ನುಡಿದದ್ದರಿಂದ ಅವನ ಮಾತನ್ನು ಪೂರ್ತಿ ನಂಬಬಹುದಾಗಿದೆ. ಪರಿಹಾರದ ಕೋರಿಕೆಯನ್ನು ತಳ್ಳಿಹಾಕಲಾಗಿದೆ.

“ಇನ್ನೊಂದು ಸಲ ಓದು,” ಎಂದ ಗುಮ್ಮಣ್ಣ.

ಅವಳು ಓದಿದಳು.

“ನಾನು ಹೊಗಳಿದ್ದಲ್ಲವಾ?” ಎಂದು ಅವನು ಹೆಂಡತಿಯನ್ನು ಕೇಳಿದ. “ನಾನು ಅವನನ್ನ ಹೊಗಳಿದ್ದು ಕಣೇ.”

“ಹೂಂ ರೀ. ಹೊಗಳಿದ್ದೇ.”

ಮುದುಕಿ ಎದೆ ಬಡಿದುಕೊಂಡು, ನಿನ್ನನ್ನ ಹುಟ್ಟಿದಾಗಲೇ ಮೂಕನಾಗಿ ಮಾಡಬಾರದಿತ್ತಾ ದೇವರು ಎಂದುಬಿಟ್ಟಳು. ಹೆತ್ತವಳ ಬಾಯಿಂದ ಬಂದ ಆ ಮಾತನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಗುಮ್ಮಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ಅಲ್ಲಿಂದಾಚೆ ಅವನು ಹೂಂ ಅನ್ನುವುದನ್ನೂ ಬಿಟ್ಟ. ಉಪ್ಪು ಬೇಕಾದರೆ ಬೆರಳು ತೋರಿಸುತ್ತಿದ್ದ. ತಮ್ಮ ಕೂತ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನೂ ಬಿಟ್ಟ. ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ನುಂಗಿ ಕೆಲಸಕ್ಕೆ ಹೋಗುತ್ತಿದ್ದ. ಹೋಗುತ್ತಿದ್ದುದು ಅದೇ ಲಾಂಡ್ರಿಗೆ. ಮಡಿಸುತ್ತಿದ್ದುದು ಅದೇ ರೋಲರಿನ ಬಟ್ಟೆ. ಒಲೆ ಉರಿಯಬೇಕಲ್ಲ.

ಸ್ವಲ್ಪ ದಿನದ ಮೇಲೆ ಮೈದುನನೇ ಒಂದು ಸುದ್ದಿ ತಂದ. ಊರಾಚೆಯ ಯಾವುದೋ ಗೋದಾಮಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆ, ಒಳಗೆ ಹೋಗುವ ಬರುವ ಮೂಟೆಗಳ ಮೇಲೆ ಕಣ್ಣಿಟ್ಟರೆ ಆಯ್ತು, ಒಂದು ಕೈ ಸಾಕು. ಮುದುಕಿ ದೇವರಿಗೆ ಕೈ ಮುಗಿದಳು. ಗುಮ್ಮಣ್ಣ ಅಡುಗೆಮನೆಯಿಂದ ಇಣುಕಿ ತಮ್ಮನ ಮುಖ ನೋಡಿದ. ಅಂದು ರಾತ್ರಿ ತೀರ್ಪಿನ ದಿನದ ನಂತರ ಮೊದಲ ಸಲ ಹೆಂಡತಿಯ ಜೊತೆ ಮಾತಾಡಿದ. “ಕೂತು ಮಾಡೋ ಕೆಲಸವಂತೆ,” ಎಂದ. “ಅಷ್ಟಾದರೂ ಆಯ್ತಲ್ಲ.” ಮೈದುನ ದಿನಾ ಬೆಳಗ್ಗೆ ಅತ್ತಿಗೆ ಕಟ್ಟಿಕೊಟ್ಟ ಬುತ್ತಿ ಹಿಡಿದು ಹೋಗುತ್ತಿದ್ದ, ಸಂಜೆ ಬರುತ್ತಿದ್ದ, ಅಷ್ಟೋ ಇಷ್ಟೋ ತಂದು ತಾಯಿಯ ಕೈಗೆ ಹಾಕುತ್ತಿದ್ದ. ಗುಮ್ಮಣ್ಣ ಮತ್ತೆ ತಟ್ಟೆ ಮುಂದೆ ಬಂದು ಕೂರತೊಡಗಿದ.

ಒಂದು ಮಧ್ಯಾಹ್ನ ಅತ್ತಿಗೆ ಕವರುಗಳ ಗಂಟು ತಲುಪಿಸಲು ದೂರದ ಆಸ್ಪತ್ರೆಯೊಂದಕ್ಕೆ ಹೋದವಳು, ಬಸ್ಸು ಬದಲಿಸಲು ದೊಡ್ಡ ನಿಲ್ದಾಣದಲ್ಲಿ ಇಳಿದಳು. ಕಂಬದ ಪಕ್ಕ ಜನ ಗುಂಪು ಕಟ್ಟಿ ನಿಂತಿದ್ದರು. ನಡುವಿನಿಂದ ದನಿಯೊಂದು ಕೇಳಿಬಂತು.

“ಅಣ್ಣಂದಿರೇ, ಅಕ್ಕಂದಿರೇ, ನನ್ನ ಹತ್ತಿರ ಬರೆದದ್ದು ಏನೂ ಇಲ್ಲ. ಕಂಡದ್ದನ್ನ ಹೇಳ್ತೀನಿ. ಬೆಳಗಿನ ಪಾಳಿ. ಯಂತ್ರ ಎಂದಿಗಿಂತ ಜೋರಾಗಿ ಓಡ್ತಿತ್ತು.”

ಅವಳು ಭುಜಗಳ ನಡುವೆ ನೋಡಿದಳು. ಮೈದುನ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿ, ಮೊಂಡುಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಿದ್ದ. ಕುತ್ತಿಗೆಗೆ ನೇತುಹಾಕಿದ ಪೆಟ್ಟಿಗೆಯಲ್ಲಿ ಬಾಚಣಿಗೆ, ಪಿನ್ನು, ಕನ್ನಡಿ. ಮಾತಿನಲ್ಲಿ ಎಲ್ಲಿಯೂ ತಡವರಿಕೆ ಇರಲಿಲ್ಲ. ಎಲ್ಲಿ ತಗ್ಗಿಸಬೇಕೋ ಅಲ್ಲಿ ತಗ್ಗಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳುತ್ತಿದ್ದ. ಬಾರದ ರಿಪೇರಿಯವನು, ಬೆಡ್‌ಶೀಟಿನ ಮೇಲಿನ ಗೆರೆ, ಎಲ್ಲವೂ ಬಂತು. ಅಷ್ಟಕ್ಕೆ ಮುಗಿಸಿದ. ಒಂದಕ್ಷರವೂ ಹೆಚ್ಚಾಗಲಿಲ್ಲ.

“ಎಷ್ಟು ಚೆನ್ನಾಗಿ ಹೇಳ್ತಾನೆ ನೋಡಿ,” ಎಂದ ಪಕ್ಕದಲ್ಲಿದ್ದವನು, ಒಂದು ಬಾಚಣಿಗೆ ಕೊಂಡು ಚಿಲ್ಲರೆ ವಾಪಸು ಕೇಳದೆ ಹೋದ.

ಆಗ ಮೈದುನ ಅವಳನ್ನು ಕಂಡ. ಎತ್ತಿದ ಮೊಂಡುಗೈ ಇಳಿಯಲಿಲ್ಲ. ಅವನು ಒಂದೇ ಒಂದು ಸಲ ತಲೆ ಅಲ್ಲಾಡಿಸಿದ, ಮನೆಯಲ್ಲಿ ಹೇಳಬೇಡಿ ಎನ್ನುವ ಹಾಗೆ. ಹೊಸ ಬಸ್ಸೊಂದು ಬಂದು ನಿಂತಿತು, ಜನ ಇಳಿದರು. ಅವನು ಅತ್ತ ತಿರುಗಿ ಮೊದಲಿನಿಂದ ಶುರು ಮಾಡಿದ.

ಅವಳು ಮನೆಗೆ ಬಂದಾಗ ದೀಪ ಹಚ್ಚಿದ್ದರು. ಅಡುಗೆಗೆ ತಡವಾಗಿತ್ತು. ಗುಮ್ಮಣ್ಣ ಅಕ್ಕಿ ತೊಳೆದು ಒಲೆಯ ಮೇಲಿಟ್ಟು, ಬಾಗಿಲ ಬಳಿ ನಿಂತು ಬೀದಿ ನೋಡುತ್ತಿದ್ದ.

“ಅವನು ಬರೋ ಹೊತ್ತಾಯ್ತು,” ಎಂದ. “ಗೋದಾಮಿನಲ್ಲಿ ಕೂತೂ ಕೂತೂ ಸೊಂಟ ಹಿಡಿಯುತ್ತೇನೋ. ಒಂದು ತಲೆದಿಂಬು ಕೊಟ್ಟು ಕಳಿಸು, ಒರಗಿಕೊಳ್ಳೋಕೆ.”

“ಆಗಲಿ ರೀ,” ಎಂದು ಅತ್ತಿಗೆ ಕಪಾಟು ತೆಗೆದು ಚೆನ್ನಾಗಿರುವ ತಲೆದಿಂಬೊಂದನ್ನು ಹುಡುಕತೊಡಗಿದಳು.